ಊಟ ಎಷ್ಟು ಗಂಟೆಗೆ, ಮಿಸ್?

ನಮ್ಮ ಕಡೆ ಯಾರ ಮನೆಯ ಹೊಸ್ತಿಲು ದಾಟಿದರೂ ಮೊದಲು ಕಿವಿಗೆ ಬೀಳುವ ಮಾತು "ಊಟಾತಾ?" ಎಂಬುದು. ಆಗಿಲ್ಲ ಎಂದರೆ ತಟ್ಟೆ ಬರುತ್ತದೆ. ಆಗಿದೆ ಎಂದರೂ ಬಿಡುವುದಿಲ್ಲ, "ಒಂದೀಟು ಮಂಡಕ್ಕಿನಾದ್ರೂ ತಿನ್ರಿ" ಎಂದು ಬಟ್ಟಲು ಬರುತ್ತದೆ. ಜೊತೆಯಲ್ಲಿ ಮಕ್ಕಳಿದ್ದರಂತೂ ಮುಗಿಯಿತು. ಅಂಗಡಿಯವರು ಕೈಗೊಂದು ಪೆಪ್ಪರಮಿಂಟು ಇಡುತ್ತಾರೆ, ಪಕ್ಕದ ಮನೆಯ ಅಜ್ಜಿ ಡಬ್ಬಿಯಿಂದ ಉಂಡಿ ತೆಗೆದು ಕೊಡುತ್ತಾರೆ. ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮಗುವನ್ನು ಮುದ್ದು ಮಾಡುವುದೆಂದರೆ ಅದರ ಕೈಗೆ ಏನಾದರೂ ತಿನ್ನಲು ಕೊಡುವುದು.

ಈ ಮುದ್ದೇ ಅಪಾಯವಾಗುವ ಮಕ್ಕಳು ಕೆಲವರಿದ್ದಾರೆ. ಅವರ ಪರಿಚಯ ಈಗಷ್ಟೇ ಆಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ವರ್ಷ ಶಾಲೆಗೆ ಬಂದ ಹೊಸ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು, ಇಂಥ ಮಗುವಿನ ದೊಡ್ಡಪ್ಪ, ಚಿಕ್ಕಮ್ಮ, ಅಜ್ಜಿ ಎಲ್ಲರೂ ಓದಬೇಕೆಂಬುದು ನನ್ನ ಆಸೆ. ನಾನು ವೈದ್ಯೆಯಲ್ಲ, ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳಿದವಳು. ವೈದ್ಯರಿಂದ ಕಲಿತದ್ದನ್ನೂ ಮಕ್ಕಳಿಂದ ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ.

ಈ ಸ್ಥಿತಿಯ ಹೆಸರು ಪ್ರೇಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾ ಪ್ರೇಡರ್, ಅಲೆಕ್ಸಿಸ್ ಲಾಬ್‌ಹಾರ್ಟ್, ಹೈನ್ರಿಶ್ ವಿಲ್ಲಿ ಎಂಬ ಮೂವರು ವೈದ್ಯರು ಒಂಬತ್ತು ಮಂದಿಯಲ್ಲಿ ಒಂದೇ ಬಗೆಯ ಲಕ್ಷಣಗಳನ್ನು ಗುರುತಿಸಿ ಬರೆದರು. ಅಲ್ಲಿಂದ ಈ ಹೆಸರು ಬಂತು. 10,000ದಿಂದ 30,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಬರೀ ಲೆಕ್ಕ ಹಾಕಿದರೆ ಈ ಒಂದು ಊರಿನಲ್ಲೇ ಹದಿನೈದರಿಂದ ನಲವತ್ತು ಜನ ಇರಬೇಕು. ಅವರೆಲ್ಲ ಎಲ್ಲಿದ್ದಾರೆ? ತಿಂಡಿಪೋತ, ಡುಮ್ಮಿ, ಹಟಮಾರಿ, ಕಳ್ಳ ಎಂಬ ಅಡ್ಡಹೆಸರುಗಳ ಹಿಂದೆ ಇದ್ದಾರೆ ಎಂಬುದು ನನ್ನ ನಂಬಿಕೆ.

ಕಾರಣವನ್ನು ಹೇಳಲು ನನಗೆ ಹರಿಹರದ ದೇವರೇ ಸಹಾಯಕ್ಕೆ ಬರುತ್ತಾನೆ. ಹರಿಹರೇಶ್ವರನ ಮೂರ್ತಿ ಒಂದೇ ದೇಹ, ಅರ್ಧ ಹರ, ಅರ್ಧ ಹರಿ. ನಮ್ಮ ಜೀವಕೋಶಗಳಲ್ಲಿರುವ ಕ್ರೋಮೋಸೋಮುಗಳೂ ಹೀಗೆ ಜೋಡಿಜೋಡಿ, ಒಂದು ಅಪ್ಪನಿಂದ ಬಂದದ್ದು, ಒಂದು ಅವ್ವನಿಂದ ಬಂದದ್ದು. ಹೆಚ್ಚಿನ ಕಡೆ ಎರಡೂ ಕೆಲಸ ಮಾಡುತ್ತವೆ. ಆದರೆ 15ನೇ ಕ್ರೋಮೋಸೋಮಿನ ಒಂದು ಚಿಕ್ಕ ಭಾಗದಲ್ಲಿ ಅವ್ವನ ಕಡೆಯ ಕೆಲವು ಜೀನ್‌ಗಳು ಎಲ್ಲರಲ್ಲೂ ಸುಮ್ಮನಿರುತ್ತವೆ. ಅಲ್ಲಿ ಕೆಲಸ ಮಾಡಬೇಕಾದದ್ದು ಅಪ್ಪನ ಕಡೆಯ ಜೀನ್‌ಗಳೇ. ಆ ತುಣುಕು ಬಿಟ್ಟುಹೋಗಿದ್ದರೆ ಅಲ್ಲಿ ಕೆಲಸ ಮಾಡುವವರೇ ಇಲ್ಲದಂತಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಆಗಿರುವುದು ಇದೇ. ಸುಮಾರು ಕಾಲು ಭಾಗದಷ್ಟು ಮಕ್ಕಳಲ್ಲಿ ಎರಡೂ ಪ್ರತಿ ಅವ್ವನಿಂದಲೇ ಬಂದಿರುತ್ತವೆ, ಪರಿಣಾಮ ಅದೇ.

ಇದನ್ನು ನಾನು ಇಷ್ಟು ಬಿಡಿಸಿ ಹೇಳುವುದು ಒಂದು ಕಾರಣಕ್ಕೆ. "ಬಸಿರಿದ್ದಾಗ ಇವಳು ಅದು ತಿಂದಳು, ಇದು ತಿನ್ನಲಿಲ್ಲ", "ಗ್ರಹಣದ ದಿನ ಹೊರಗೆ ಬಂದಳು" ಎಂದು ಸೊಸೆಯ ಮೇಲೆ ಹೊರೆ ಹೊರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅದಾವುದೂ ಕಾರಣವಲ್ಲ. ಬಹುತೇಕ ಇದು ತಾನಾಗಿ ಆಗುವ ಆಕಸ್ಮಿಕ. ಅಂಥ ಮನೆಗಳಲ್ಲಿ ಮುಂದಿನ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಪರೂಪಕ್ಕೆ ಕೆಲವು ಮನೆಗಳಲ್ಲಿ ಮಾತ್ರ ಹೆಚ್ಚಿರಬಹುದು, ಆದ್ದರಿಂದ ಇನ್ನೊಂದು ಮಗುವಿನ ಯೋಚನೆ ಇರುವವರು ತಳಿತಜ್ಞರನ್ನು ಒಮ್ಮೆ ಕಂಡರೆ ಒಳ್ಳೆಯದು.

ಮುಂದೆ ಹಸಿವೇ ಬದುಕಾಗುವ ಈ ಮಕ್ಕಳು ಹುಟ್ಟಿದಾಗ ಹಾಲು ಕುಡಿಯುವುದಿಲ್ಲ. ಕೈಕಾಲು ಬಟ್ಟೆಯ ಗೊಂಬೆಯಂತೆ ಜೋತಿರುತ್ತವೆ, ಅಳು ಕ್ಷೀಣ, ಮೊಲೆ ಚೀಪಲು ಶಕ್ತಿಯಿಲ್ಲ. ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದ, ಮನೆಗೆ ಬಂದ ಮೇಲೆ ಒಳಲೆಯಿಂದ ಹನಿಹನಿಯಾಗಿ ಹಾಲು ಹಾಕಿದ ತಾಯಂದಿರು ಇದ್ದಾರೆ. ಹಸಿದು ಅಳದ ಮಗುವನ್ನು ಅಲಾರಾಂ ಇಟ್ಟು ಎಬ್ಬಿಸಿ ಕುಡಿಸಬೇಕು. ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು, ಮಾತು ಎಲ್ಲವೂ ತಡ. ಎರಡನೇ ವರ್ಷದ ಆಚೆ ಮಗು ನಿಧಾನವಾಗಿ ಮೈ ತುಂಬಿಕೊಳ್ಳುತ್ತದೆ. ಆಮೇಲೊಂದು ದಿನ ತಾನಾಗಿ "ಇನ್ನೂ ಬೇಕು" ಎನ್ನುತ್ತದೆ. ಆ ದಿನ ಮನೆಯಲ್ಲಿ ಹಬ್ಬ. ಇಷ್ಟು ದಿನ ದೇವರಿಗೆ ಹರಕೆ ಹೊತ್ತು ಕಾದ ಮಾತು ಅದು, ಯಾರು ತಾನೇ ಇಲ್ಲ ಎನ್ನುತ್ತಾರೆ? ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷದ ನಡುವೆ ಆ ಬೇಡಿಕೆ ಬೆಳೆಯುತ್ತಾ ಹೋಗಿ, ಕೊನೆಗೆ ನಿಲ್ಲದ ಹಸಿವಾಗುತ್ತದೆ. ಉಣಿಸಲು ಒದ್ದಾಡಿದ ತಾಯಿಯೇ ಈಗ ಇಲ್ಲ ಎನ್ನಬೇಕು. ಆ ತಾಯಿ ನಿಮ್ಮ ತರಗತಿಯ ಬಾಗಿಲಲ್ಲಿ ನಿಂತು "ಏನೂ ಕೊಡಬೇಡಿ ಮಿಸ್" ಎಂದರೆ ಅವಳನ್ನು ಕಲ್ಲುಮನಸ್ಸಿನವಳು ಎಂದುಕೊಳ್ಳಬೇಡಿ. ಆ ಮಾತಿನ ಹಿಂದೆ ಎಷ್ಟು ರಾತ್ರಿಗಳ ಒಳಲೆಯ ಹಾಲು ಇದೆ ಎಂದು ನೆನೆಯಿರಿ.

ನಾವು ಎರಡು ಬೆಣ್ಣೆದೋಸೆ ತಿಂದು ಮೂರನೆಯದಕ್ಕೆ ಸಾಕಪ್ಪಾ ಎನ್ನುತ್ತೇವಲ್ಲ, ಆ 'ಸಾಕು' ಹೊಟ್ಟೆಯಷ್ಟೇ ಹೇಳುವ ಮಾತಲ್ಲ. ಮಿದುಳಿನಲ್ಲಿ ಹೈಪೋಥಾಲಮಸ್ ಎಂಬ ಚಿಕ್ಕ ಭಾಗವಿದೆ. ಹಸಿವು, ಬೆಳವಣಿಗೆ, ನಿದ್ದೆ, ಮೈಬಿಸಿ ಇವುಗಳ ಉಸ್ತುವಾರಿ ಅದರದು. ಪ್ರೇಡರ್-ವಿಲ್ಲಿ ಇರುವವರಲ್ಲಿ ಈ ಉಸ್ತುವಾರಿ ಸರಿಯಾಗಿ ನಡೆಯುವುದಿಲ್ಲ. ಉಂಡು ಕೈ ತೊಳೆದ ಮಗು ಸುಳ್ಳು ಹಸಿವಿನ ನಾಟಕ ಆಡುತ್ತಿಲ್ಲ, ಅದರ ಮಿದುಳು ಇನ್ನೂ ಉಪವಾಸದಲ್ಲಿದೆ. ಜೊತೆಗೆ ಸ್ನಾಯು ಕಡಿಮೆ, ಓಡಾಟ ಕಡಿಮೆಯಾದ್ದರಿಂದ ಈ ಮೈಗೆ ಬೇಕಾದ ಆಹಾರ ಓರಗೆಯ ಮಕ್ಕಳಿಗಿಂತ ಸಾಕಷ್ಟು ಕಡಿಮೆ. ಹಸಿವು ಹೆಚ್ಚು, ಬೇಕಾದದ್ದು ಕಡಿಮೆ. ಇಡೀ ಕಷ್ಟ ಈ ಎರಡರ ನಡುವೆ ಸಿಕ್ಕಿಬಿದ್ದಿದೆ.

ಇನ್ನೆರಡು ವಿಷಯ ಅಡುಗೆಮನೆಯವರು ಕಡ್ಡಾಯವಾಗಿ ತಿಳಿದಿರಬೇಕು. ಈ ಮಕ್ಕಳಿಗೆ ವಾಂತಿಯಾಗುವುದು ಅಪರೂಪ. ಕೆಟ್ಟದ್ದು ತಿಂದರೂ, ಮಿತಿಮೀರಿ ತಿಂದರೂ ಮೈ ಅದನ್ನು ಹೊರಗೆ ಹಾಕುವುದಿಲ್ಲ. ಅವಸರದಲ್ಲಿ ನುಂಗಿ ಗಂಟಲಿಗೆ ಸಿಕ್ಕಿಕೊಂಡು, ಹೊಟ್ಟೆ ಹಿಗ್ಗಿ ಪ್ರಾಣಕ್ಕೆ ಕುತ್ತು ಬಂದದ್ದೂ ಉಂಟು. ನೋವೂ ಇವರಿಗೆ ಕಡಿಮೆ ತಿಳಿಯುತ್ತದೆ. ಇಂಥ ಮಗು ಒಂದು ದಿನ ಊಟ ಬೇಡ ಎಂದರೆ, ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿದ್ದರೆ "ಒಳ್ಳೇದಾಯ್ತು, ಇವತ್ತು ತಿನ್ನಲಿಲ್ಲ" ಎಂದು ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಸ್ವಭಾವಕ್ಕೆ ಬರೋಣ. ಹರಿಹರದಲ್ಲಿ ನನಗೆ ಸಿಕ್ಕ ಒಬ್ಬ ಹುಡುಗಿ ಇದನ್ನೆಲ್ಲ ಕಲಿಸಿದಳು. ಆಗ ಅವಳಿಗೆ ಒಂಬತ್ತು ವರ್ಷ. ಗಿಡ್ಡ ಮೈ, ಬಾದಾಮಿಯಾಕಾರದ ಕಣ್ಣು, ವಯಸ್ಸಿಗೆ ತೀರ ಚಿಕ್ಕದೆನಿಸುವ ಅಂಗೈ. ನನ್ನ ಮೊದಲ ದಿನ ಪಕ್ಕಕ್ಕೆ ಬಂದು ನನ್ನ ಸೆರಗು ನೇವರಿಸಿ "ಚೆಂದೈತಿ ಮಿಸ್" ಎಂದಳು. ಆಮೇಲೆ "ಊಟ ಎಷ್ಟು ಗಂಟೆಗೆ, ಮಿಸ್?" ಎಂದಳು. ಒಂದು ಗಂಟೆಗೆ ಎಂದೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಹತ್ತು ನಿಮಿಷಕ್ಕೆ ಮತ್ತೆ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಸಹನೆ ಕರಗಿ "ಎಷ್ಟು ಸಲ ಹೇಳ್ಬೇಕು?" ಎಂದು ಗದರಿದೆ. ಅವಳ ಮುಖ ಸಣ್ಣದಾಯಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಉತ್ತರ ಅವಳಿಗೆ ಗೊತ್ತಿತ್ತು. ಅವಳು ಕೇಳುತ್ತಿದ್ದದ್ದು ಗಂಟೆಯನ್ನಲ್ಲ, ಭರವಸೆಯನ್ನು. ಬರುತ್ತದೋ ಇಲ್ಲವೋ, ತಡವಾಗುತ್ತದೋ ಎಂಬ ಆತಂಕ ಒಳಗೆ ಕುದಿಯುತ್ತಿರುವಾಗ ಬಾಯಿಗೆ ಬರುವ ಮಾತು ಅದೊಂದೇ. ಈ ಮಕ್ಕಳ ನಡವಳಿಕೆಯ ಬುಡದಲ್ಲಿ ಈ ಆತಂಕವನ್ನು ನೋಡಲು ಕಲಿತರೆ ಅರ್ಧ ಕಲಿತಂತೆ. ಗೋಡೆಗೆ ಗಡಿಯಾರದ ಚಿತ್ರ ಬರೆದು, ಮುಳ್ಳು ಒಂದರ ಮೇಲೆ ನಿಲ್ಲಿಸಿ, ಕೆಳಗೆ ಆ ದಿನದ ಅಡುಗೆಯನ್ನು ಬರೆದಿಟ್ಟೆ: ಅನ್ನ, ಸಾಂಬಾರು. ಕೇಳಿದಾಗಲೆಲ್ಲ ನಾನು ಉತ್ತರ ಹೇಳದೆ "ನೀನೇ ನೋಡಿ ಹೇಳವ್ವ" ಎನ್ನುತ್ತಿದ್ದೆ. ಎದ್ದು ಹೋಗಿ ಬೆರಳಿಟ್ಟು ಓದಿ ಬರುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಪ್ರಶ್ನೆಗಳು ಬೆರಳೆಣಿಕೆಗೆ ಇಳಿದವು.

ಬದಲಾವಣೆ ಇವರಿಗೆ ಆಗಿಬರುವುದಿಲ್ಲ. ದಿನವೂ ಕೂರುವ ಜಾಗ, ಬರುವ ದಾರಿ, ಮೊದಲ ಪಿರಿಯಡ್ಡು ಎಲ್ಲವೂ ನಿನ್ನೆಯಂತೆಯೇ ಇರಬೇಕು. ಒಮ್ಮೆ ಸಿಲಿಂಡರ್ ಖಾಲಿಯಾಗಿ ಬಿಸಿಯೂಟ ಮುಕ್ಕಾಲು ಗಂಟೆ ತಡವಾಯಿತು. ಉಳಿದ ಮಕ್ಕಳು ಆಡಿಕೊಂಡಿದ್ದರು. ಇವಳು ನೆಲಕ್ಕೆ ಬಿದ್ದು, ಪುಸ್ತಕ ಹರಿದು, ತಡೆಯಲು ಬಂದ ನನ್ನನ್ನು ಕಚ್ಚಿದಳು. ಅಂಥ ಹೊತ್ತಿನಲ್ಲಿ ಬುದ್ಧಿ ಹೇಳುವುದು ಉರಿಯುವ ಒಲೆಗೆ ಕಟ್ಟಿಗೆ ಇಟ್ಟಂತೆ. ಮಾತು ಕಡಿಮೆ ಮಾಡಬೇಕು, ಸುತ್ತ ನೆರೆದ ಮಕ್ಕಳನ್ನು ಕಳಿಸಬೇಕು, ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನೆ ಹತ್ತಿರ ಕೂತಿರಬೇಕು. ಬಿರುಗಾಳಿ ನಿಂತ ಮೇಲೆ ಅವಳು ಬಿಕ್ಕುತ್ತಾ ಬಂದು ನನ್ನ ಕೈಯ ಮೇಲಿನ ಹಲ್ಲಿನ ಗುರುತಿಗೆ ಊದಿದಳು. ಪಶ್ಚಾತ್ತಾಪವೂ ಈ ಮಕ್ಕಳಲ್ಲಿ ಅಷ್ಟೇ ನಿಜ. ಅದನ್ನು ಒಪ್ಪಿಕೊಂಡು ಮುಂದಕ್ಕೆ ಹೋಗಬೇಕು. "ನಿನ್ನೆ ಏನ್ ಮಾಡ್ದೆ ಗೊತ್ತಾ?" ಎಂದು ಮರುದಿನ ಕೆದಕಬಾರದು.

ಕೆದಕುವುದು ಎಂದಾಗ ನೆನಪಾಯಿತು. ಇವರಲ್ಲಿ ಅನೇಕರು ಚರ್ಮ ಕೆರೆದುಕೊಳ್ಳುತ್ತಾರೆ, ಗಾಯ ಆರಲು ಬಿಡುವುದಿಲ್ಲ. ಆ ಹುಡುಗಿಯ ಎಡಗೈಯ ಮೇಲೆ ಸದಾ ಒಂದು ಹಸಿ ಗಾಯವಿರುತ್ತಿತ್ತು. ಬೇಸರವಾದಾಗ, ಕಾಯುವಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಬೈದರೆ ಹೆಚ್ಚಾಯಿತು. ಉಗುರು ಕತ್ತರಿಸಿ, ಗಾಯಕ್ಕೆ ಪಟ್ಟಿ ಸುತ್ತಿ, ಕೈಗೆ ಮಣಿ ಪೋಣಿಸುವ ಕೆಲಸ ಕೊಟ್ಟ ಮೇಲೆ ಕಡಿಮೆಯಾಯಿತು.

ಕದಿಯುವುದರ ಬಗ್ಗೆ ನೇರವಾಗಿ ಹೇಳುತ್ತೇನೆ. ಹೌದು, ಈ ಮಕ್ಕಳು ಬೇರೆಯವರ ಡಬ್ಬಿಗೆ ಕೈ ಹಾಕುತ್ತಾರೆ, ಬಚ್ಚಿಡುತ್ತಾರೆ, ಕಸದ ಬುಟ್ಟಿಯಿಂದಲೂ ತೆಗೆಯುತ್ತಾರೆ, ಚಿಲ್ಲರೆ ಕಾಸು ಎತ್ತಿ ಅಂಗಡಿಗೆ ಹೋಗುತ್ತಾರೆ, ತುಟಿಯ ಮೇಲೆ ಸಕ್ಕರೆ ಇದ್ದಾಗಲೂ ತಿಂದಿಲ್ಲ ಎನ್ನುತ್ತಾರೆ. ಇದು ಗುಣದ ದೋಷವಲ್ಲ. ಮೂರು ದಿನ ಉಪವಾಸವಿದ್ದವನ ಮುಂದೆ ಅನ್ನದ ಪಾತ್ರೆ ಇಟ್ಟು, ಮುಟ್ಟಿದ್ದಕ್ಕೆ ಕಳ್ಳನೆಂದು ಕರೆದರೆ ತಪ್ಪು ಯಾರದು? ಹೆಚ್ಚಿನವರಿಗೆ ಸೌಮ್ಯ ಮಟ್ಟದ ಬೌದ್ಧಿಕ ಅಸಾಮರ್ಥ್ಯವೂ ಇರುತ್ತದೆ. ಆದರೂ ಊಟದ ವಿಷಯದಲ್ಲಿ ಅವರ ಜಾಣತನ ನೋಡಿದವರು "ಎಲ್ಲಾ ಗೊತ್ತಾಗುತ್ತೆ, ಬೇಕಂತಲೇ ಮಾಡ್ತಾಳೆ" ಎಂಬ ತೀರ್ಮಾನಕ್ಕೆ ಬರುತ್ತಾರೆ. ನನಗಿದು ಬಹಳ ನೋವು ಕೊಡುವ ಮಾತು.

ಅವರಲ್ಲಿರುವ ಒಳ್ಳೆಯದನ್ನು ಹೇಳದಿದ್ದರೆ ಈ ಪರಿಚಯವೇ ಸುಳ್ಳಾಗುತ್ತದೆ. ತುಣುಕು ಜೋಡಿಸುವ ಚಿತ್ರದಾಟದಲ್ಲಿ, ಅಂದರೆ ಜಿಗ್‌ಸಾ ಪಜಲ್‌ನಲ್ಲಿ, ಇವರಲ್ಲಿ ಹಲವರನ್ನು ಮೀರಿಸುವುದು ಕಷ್ಟ. ಕೂಡುವ ಲೆಕ್ಕ ಬಾರದ ನನ್ನ ಹುಡುಗಿ ನೂರು ತುಣುಕಿನ ವಿಧಾನಸೌಧವನ್ನು ನಾನು ಹಾಜರಿ ಮುಗಿಸಿ ತಲೆಯೆತ್ತುವುದರೊಳಗೆ ಅರ್ಧ ಕಟ್ಟಿರುತ್ತಿದ್ದಳು. ತುಣುಕನ್ನು ಎತ್ತಿ ತಿರುಗಿಸಿ ನೋಡುತ್ತಲೂ ಇರಲಿಲ್ಲ, ನೇರ ಜಾಗಕ್ಕೆ ಇಡುತ್ತಿದ್ದಳು. ಕಿವಿಯಿಂದ ಕೇಳಿದ ಸಾಲುಸಾಲು ಸೂಚನೆ ಇವರಿಗೆ ನಿಲ್ಲುವುದಿಲ್ಲ, ಕಣ್ಣಿನಿಂದ ಕಂಡದ್ದು ನಿಲ್ಲುತ್ತದೆ. ಪಾಠವನ್ನು ಚಿತ್ರದಲ್ಲಿ, ಪಟ್ಟಿಯಲ್ಲಿ, ಮಾಡಿ ತೋರಿಸಿ ಹೇಳಿಕೊಡಿ. ಚಿಕ್ಕ ಮಕ್ಕಳೆಂದರೆ, ನಾಯಿಮರಿ ಕರುಗಳೆಂದರೆ ಇವರಿಗೆ ಪ್ರಾಣ. ಅಂಗನವಾಡಿಯ ಪುಟಾಣಿಗಳನ್ನು ಸಾಲಾಗಿ ನಲ್ಲಿಯ ಹತ್ತಿರ ಕರೆದೊಯ್ದು ಕೈ ತೊಳೆಸುವ ಕೆಲಸ ಅವಳದಾಗಿತ್ತು. ಅದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ.

ನನ್ನ ಒಂದು ತಪ್ಪನ್ನೂ ಹೇಳಬೇಕು. ಒಬ್ಬ ಹುಡುಗನ ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕೊಲೇಟು ಹಂಚಿದರು. ಇವಳು ಇನ್ನೊಂದು ಕೇಳಿದಳು. ಇಲ್ಲ ಎನ್ನಲು ಮನಸ್ಸಾಗದೆ "ಆಮೇಲೆ ನೋಡೋಣ" ಎಂದೆ. ನಮ್ಮ ಬಾಯಲ್ಲಿ ಅದು ನಯವಾಗಿ ಇಲ್ಲ ಎನ್ನುವ ರೀತಿ. ಅವಳ ಕಿವಿಗೆ ಅದು ಮಾತು ಕೊಟ್ಟಂತೆ. ಮಧ್ಯಾಹ್ನವಿಡೀ ಆ ಚಾಕೊಲೇಟಿನ ಸುತ್ತಲೇ ಸುತ್ತಿ, ಸಂಜೆ ಬಸ್ ನಿಲ್ದಾಣದವರೆಗೂ ಅಳುತ್ತಲೇ ನಡೆದಳು. ಅಂದು ಅವಳನ್ನು ಅಳಿಸಿದ್ದು ನನ್ನ ದಾಕ್ಷಿಣ್ಯ.

ಈ ಮಕ್ಕಳ ಜೊತೆ ಬಹುಕಾಲ ಕೆಲಸ ಮಾಡಿದವರು ಹೇಳುವ ಸೂತ್ರ ಇದನ್ನೇ ಹೇಳುತ್ತದೆ. ಊಟ ಯಾವಾಗ, ಏನು, ಎಷ್ಟು ಎಂಬುದರಲ್ಲಿ ಅನುಮಾನ ಇರಬಾರದು. ಅದರಾಚೆ ಒಂದು ತುತ್ತು ಸಿಕ್ಕೀತು ಎಂಬ ಆಸೆಗೂ ಜಾಗವಿರಬಾರದು. ಅನುಮಾನವಿಲ್ಲದ, ಆಸೆಯಿಲ್ಲದ ಕಡೆ ನಿರಾಸೆಯೂ ಇರುವುದಿಲ್ಲ. ಕೇಳಲು ಕಠೋರವೆನಿಸಬಹುದು, ಆದರೆ ಮಗುವಿಗೆ ನೆಮ್ಮದಿ ಸಿಗುವುದು ಅಲ್ಲಿಯೇ.

ಇದನ್ನು ಶಾಲೆಯಲ್ಲಿ ನಡೆಸುವುದು ಹೇಗೆ? ಎಲ್ಲ ಮಕ್ಕಳ ಡಬ್ಬಿಗಳೂ ಒಂದೇ ಕಪಾಟಿನಲ್ಲಿ, ಕಪಾಟಿಗೆ ಬೀಗ. ಬಿಸಿಯೂಟ ಬಡಿಸುವುದು ಒಬ್ಬರೇ, ಅಳತೆ ಅದೇ ಸೌಟು, ಪಲ್ಯ ಹೆಚ್ಚು ಅನ್ನ ಕಡಿಮೆ, ಎರಡನೇ ಸಲ ಇಲ್ಲ. ಹಾಲು, ಮೊಟ್ಟೆ, ಬಾಳೆಹಣ್ಣು ಕೊಡುವ ದಿನ ಅದನ್ನೂ ದಿನದ ಲೆಕ್ಕಕ್ಕೆ ಸೇರಿಸಿ ಮನೆಗೆ ತಿಳಿಸಬೇಕು. ಬಹುಮಾನವಾಗಿ ತಿನಿಸು ಕೊಡಬಾರದು. ಶಿಕ್ಷೆಯಾಗಿ ಊಟ ತಪ್ಪಿಸುವುದಂತೂ ಎಂದಿಗೂ ಕೂಡದು, ಹೊತ್ತಿನ ಊಟ ಹೊತ್ತಿಗೆ ಸಿಗಲೇಬೇಕು. ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಪೆನ್ಸಿಲ್ ಹಂಚಿದರೆ ಆ ಒಂದು ಮಗುವಿಗಲ್ಲ, ಎಲ್ಲರಿಗೂ ಖುಷಿಯೇ. ದಿನವೂ ನಡಿಗೆ ಬೇಕು. ಮಧ್ಯಾಹ್ನ ತೂಕಡಿಸಿದರೆ ಸೋಮಾರಿ ಎನ್ನಬೇಡಿ, ಹಗಲು ನಿದ್ದೆಯೂ ಇದರದೇ ಲಕ್ಷಣ.

ಊರಿನ ವಿಷಯ ಶಾಲೆಗಿಂತ ಕಷ್ಟ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ನಡೆದು ಬರುವ ಮಗುವಿಗೆ ದಾರಿಯುದ್ದಕ್ಕೂ ಪರೀಕ್ಷೆ. ಸಂಜೆಯಾದರೆ ಗಾಡಿಗಳಲ್ಲಿ ಮಿರ್ಚಿ ಕರಿಯುವ ವಾಸನೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಮನೆತುಂಬ ನೆಂಟರು, ಒಲೆ ಆರುವುದೇ ಇಲ್ಲ. ನೆಂಟರೆಲ್ಲ "ಒಂದು ದಿನ ತಿಂದರೆ ಏನಾಗುತ್ತೆ, ಪಾಪ ಕೂಸು" ಎನ್ನುವವರೇ. ಒಂದು ಮನೆಯವರು ನನ್ನೊಡನೆ ಕೂತು ಜಾತ್ರೆಗೆ ಮುಂಚೆಯೇ ಚೀಟಿ ಬರೆದಿಟ್ಟರು: ಎಷ್ಟು ಹೊತ್ತಿಗೆ ಊಟ, ಎಲೆಗೆ ಏನೇನು, ಆಮೇಲೆ ಯಾರ ಜೊತೆ ಗುಡಿಗೆ. ಹಿರಿಯಜ್ಜಿಗೂ ಓದಿ ಹೇಳಿದರು. ಅಜ್ಜಿ ಕಣ್ಣೊರೆಸಿಕೊಂಡು ಒಪ್ಪಿದರು. ಅಂದಿನಿಂದ ಮೊಮ್ಮಗಳಿಗೆ ಉಂಡಿಯ ಬದಲು ಬಳೆ ಕೊಡುತ್ತಾರೆ.

ಅನುಮಾನವಿದ್ದರೆ ತಡಮಾಡಬೇಡಿ. ಡಿಎನ್‌ಎ ಮಿಥೈಲೇಷನ್ ಎಂಬ ರಕ್ತಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ಮಂದಿಯಲ್ಲಿ ಇದನ್ನು ಖಚಿತವಾಗಿ ಹೇಳುತ್ತದೆ. ಬಾಪೂಜಿ ಮಕ್ಕಳ ಆಸ್ಪತ್ರೆಯಲ್ಲೋ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಮಕ್ಕಳ ವೈದ್ಯರನ್ನು ಮೊದಲು ಕಾಣಿ. ಎಳವೆಯಲ್ಲೇ ಗೊತ್ತಾದರೆ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಕೊಡಬಹುದು. ಎತ್ತರ, ಸ್ನಾಯುಬಲ ಎರಡಕ್ಕೂ ಅದು ನೆರವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಮಾನ್ಯತೆ ಸಿಕ್ಕಿದ್ದು 2000ದಲ್ಲಿ. ದುಬಾರಿ ಚಿಕಿತ್ಸೆ ನಿಜ, ಆದರೆ ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪ್ರೇಡರ್-ವಿಲ್ಲಿಯ ಹಾರ್ಮೋನ್ ಚಿಕಿತ್ಸೆಯ ಹೆಸರಿದೆ. ಆ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಅಲ್ಲಿಗೆ ಪತ್ರ ಬರೆಸಿಕೊಳ್ಳಿ. ಹಸಿವನ್ನೇ ತಗ್ಗಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಅಂದರೆ ಜ್ಯೂರಿಕ್‌ನ ಆ ಲೇಖನ ಬಂದು ಸುಮಾರು ಎಪ್ಪತ್ತು ವರ್ಷಕ್ಕೆ. ಅದರ ಬಗ್ಗೆಯೂ ವೈದ್ಯರನ್ನು ಕೇಳಬಹುದು. ತರಬೇತಿ, ಮಾತಿನ ಚಿಕಿತ್ಸೆ, ನಡವಳಿಕೆಯ ಸಲಹೆಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಎಲ್ಲರೂ ಸಿಆರ್‌ಸಿ ಎನ್ನುವುದು, ಇದೆ. ಬೌದ್ಧಿಕ ಅಸಾಮರ್ಥ್ಯ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಬರುವುದರಿಂದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ.

ಬೀಗದ ಬಗ್ಗೆ ಪ್ರತಿಯೊಬ್ಬ ಹೊಸ ಶಿಕ್ಷಕರೂ ನನ್ನನ್ನು ಕೇಳುತ್ತಾರೆ: ಮಗುವಿನ ಕಣ್ಣೆದುರೇ ಊಟಕ್ಕೆ ಬೀಗ ಹಾಕುವುದು ಅನ್ಯಾಯವಲ್ಲವೇ ಎಂದು. ನನಗೂ ಹಾಗೆಯೇ ಅನ್ನಿಸಿತ್ತು. ಮೊದಲ ಕೆಲವು ದಿನ ಅವಳಿಗೆ ಕಾಣದಂತೆ, ಪ್ರಾರ್ಥನೆಯ ಹೊತ್ತಿನಲ್ಲಿ ಕದ್ದುಮುಚ್ಚಿ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಮರೆತೆ. ಅವಳು ಪಾಠದಲ್ಲಿ ಕೂರಲಾರದೆ, ಮಣಿ ಹಿಡಿಯಲಾರದೆ, ಕಪಾಟಿನ ಕಡೆ ನೋಡುವುದು, ನನ್ನ ಕಡೆ ನೋಡುವುದು. ಕೊನೆಗೆ ಹತ್ತಿರ ಬಂದು ಮೆಲ್ಲಗೆ "ಬೀಗ ಹಾಕ್ರಿ ಮಿಸ್" ಎಂದಳು. ಹಾಕಿದೆ. ಆ ಚಿಕ್ಕ ಕೈಯಿಂದ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ, ಪಜಲ್ಲಿನ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು ಕೂತಳು.